ಗ್ಯಾರೇಜಿನಲ್ಲಿ ಬೆಂದ ವೈನು

ಪಕ್ಕದ ಮನೆಯ ಧಾರವಾಡದ ಡಾಕ್ಟರು ಫ್ರಾನ್ಸಿನ ಕೆಂಪು ವೈನನ್ನು ಗ್ಲಾಸಿಗೆ ಸುರಿದು, "ತಡೀರಿ, ಅದಕ್ಕೂ ಸ್ವಲ್ಪ ಉಸರಾಡ್ಲಿಕ್ಕೆ ಬಿಡ್ರಿ" ಎನ್ನುತ್ತಿದ್ದರು. ಎರಡು ಜಾತಿಯ ದ್ರಾಕ್ಷಿ ಬೆರೆತ ಆ ವೈನು ಮೊದಲು ಒಗರಾಗಿ, ಆಮೇಲೆ ಗಾಳಿ ತಾಗಿ ಮೆತ್ತಗಾಗಿ ನಾಲಿಗೆಗೆ ಒಗ್ಗುತ್ತಿತ್ತು.

ಒಂದು ಬೇಸಿಗೆ ಅವರು ಮನೆಯ ಏಸಿ ಆರಿಸಿ ಊರಿಗೆ ಹೊರಟಾಗ, ತೀರಿಹೋದ ತಮ್ಮ ಹೆಂಡತಿ ಮೆಚ್ಚಿ ಕೊಂಡಿದ್ದ ಕೊನೆಯ ಬಾಟಲಿಯನ್ನು "ತಂಪಿನಾಗ ಇಡ್ರಿ" ಎಂದು ನನಗೆ ಕೊಟ್ಟರು. ನೈವೇದ್ಯ ಮಾಡುವ ಮನೆಯೊಳಗೆ ಬೇಡವೆಂದು ನಾನು ಅದನ್ನು ಗ್ಯಾರೇಜಿನಲ್ಲಿಟ್ಟೆ. ಟೆಕ್ಸಸ್ ಬಿಸಿಲಿಗೆ ಗ್ಯಾರೇಜು ಕಾದು ವೈನು ಬೆಂದು ಕೆಟ್ಟುಹೋಯಿತು.

ಊರಿನಿಂದ ಬಂದು ಬಾಟಲಿ ತೆರೆದವರು ಒಂದು ಗುಟುಕಿಗೇ ಮುಖ ಕಿವುಚಿದರು.

"ತಪ್ಪಾಯ್ತು ಡಾಕ್ಟ್ರೇ, ಮಡಿ ಅಂತ ಗ್ಯಾರೇಜಲ್ಲಿಟ್ಟೆ" ಎಂದೆ.

ಅವರು ಗ್ಲಾಸನ್ನು ತಿರುಗಿಸಿ ನಕ್ಕರು. "ನಮ್ಮಾಕಿ ಇದ್ದಿದ್ರ ನಿಮ್ಮ ಮಡೀನೂ ಅಲ್ಲೇ ಇಡತಿದ್ಳು!"

ಅವರು ನಮ್ಮ ಕಾಪೆಲ್ ಊರು ಬಿಟ್ಟು ದೂರದ ಕೇಟಿ ಎಂಬ ಊರಿಗೆ ಶಿಫ್ಟ್ ಆಗುವ ದಿನ ಅಂಥದೇ ಇನ್ನೊಂದು ಬಾಟಲಿಯನ್ನು ನನ್ನ ಕೈಗೇ ಕೊಟ್ಟರು. ಅದೀಗ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ತಣ್ಣಗೆ ಮಲಗಿದೆ. ಯುಗಾದಿಗೆ ಅವರು ಬರುತ್ತಾರೆಂದು ನನ್ನ ಹೆಂಡತಿ ಆಗಲೇ ಗ್ಲಾಸು ತೊಳೆದಿಟ್ಟಿದ್ದಾಳೆ.