ದೊಡ್ಡವ್ವನ ಎಮ್ಮೆಗೆ ಬೇಕಾದ ರಿಂಗ್‌ಟೋನ್

ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಮಾವನ ಮೊಬೈಲ್ ಅಂಗಡಿ. ಕೆಟ್ಟು ನಿಂತ ಹಳೆಯ ಫೋನುಗಳಿಗೆ ಲ್ಯಾಪ್‌ಟಾಪಿನಿಂದ ಸಾಫ್ಟ್‌ವೇರ್ ಹೊಡೆಯುವುದು, ಅಂದರೆ ಹೊಸದಾಗಿ ತುಂಬುವುದು, ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವನಾದ್ದರಿಂದ ಗಿರಾಕಿಗಳ ಜೊತೆ ವಾದಿಸುವ ಕೆಲಸವನ್ನೂ ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಮಾವ ಅದನ್ನು ಮಾಡೆಂದು ಕೇಳಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತನ್ನ ಕೀಪ್ಯಾಡ್ ಫೋನನ್ನು ಕೌಂಟರಿನ ಮೇಲೆ ಕುಕ್ಕಿದಳು. ಆನ್ ಮಾಡಿದರೆ ಕಂಪನಿಯ ಹೆಸರು ಬಂದು ಅಲ್ಲೇ ನಿಲ್ಲುತ್ತಿತ್ತು.

"ಇದು ಬಡಕೊಂಡ್ರನ ನಮ್ಮ ಎಮ್ಮಿ ಹಾಲು ಇಳಸ್ತೈತಿ. ಇದು ಕೆಟ್ಟಾಗಿಂದ ಬರೇ ಒದಿಯಾಕತ್ತೈತಿ. ನಿಮ್ಮ ದೊಡ್ಡಪ್ಪ ಹರಪನಹಳ್ಳಿ ಸಂತಿಗೆ ಹೊಡಕೊಂಡು ಹೋಗಿ ಮಾರ್ತೀನಿ ಅನ್ನಾಕತ್ತಾರ."

"ಅಜ್ಜಿ ಕೋಳಿ ಕೂಗದಿದ್ರ ಬೆಳಗಾಗಂಗಿಲ್ಲೇನು ದೊಡ್ಡವ್ವ? ರಿಂಗ್‌ಟೋನಿಗೂ ಹಾಲಿಗೂ ಏನು ಸಂಬಂಧ?"

"ಕೋಳಿ ಮಾತು ಬಿಡಲೇ. ಎಮ್ಮಿ ಉಳಸು."

ಮಾಡೆಲ್ ನೋಡಿ ಇಂಟರ್ನೆಟ್ಟಿನಿಂದ ಫೈಲ್ ಇಳಿಸಿಕೊಂಡೆ. ಒಂದು ಬಟನ್ ಒತ್ತಿಹಿಡಿದು ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪ್ ಪರದೆಯ ಪಟ್ಟಿ ಪೂರ್ತಿ ತುಂಬಿ ಫೋನು ಎದ್ದು ಕೂತಿತು. ಆದರೆ ಆ ಫೈಲು ಯಾವುದೋ ಬೇರೆ ದೇಶಕ್ಕೆಂದು ಮಾಡಿದ್ದು, ರಿಂಗ್‌ಟೋನುಗಳೇ ಬೇರೆ. ಸಂಜೆ ದೊಡ್ಡವ್ವನ ಕೊಟ್ಟಿಗೆಯಲ್ಲಿ ನಿಂತು ಅವಳ ಫೋನಿಗೆ ಮಿಸ್ಡ್ ಕಾಲ್ ಕೊಟ್ಟೆ. ಎಮ್ಮೆ ಒಮ್ಮೆ ತಿರುಗಿ ನೋಡಿ ಬಕೆಟ್ಟಿಗೆ ಒದೆಯಿತು.

ಮರುದಿನ ಮಾವನ ಗುಜರಿ ಡಬ್ಬಿಯಲ್ಲಿ ಅದೇ ಮಾಡೆಲ್ಲಿನ, ಡಿಸ್‌ಪ್ಲೇ ಒಡೆದ ಫೋನು ಸಿಕ್ಕಿತು. ಅದರೊಳಗಿನ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ತೆಗೆದುಕೊಂಡು ದೊಡ್ಡವ್ವನ ಫೋನಿಗೆ ಹೊಡೆದೆ. ಹಳೆಯ ಕಿರಿಕಿರಿ ರಾಗ ವಾಪಸ್ ಬಂತು.

ಸಂಜೆ ದೊಡ್ಡವ್ವ ಬಕೆಟ್ ಹಿಡಿದು ಕೂತಳು. ದೊಡ್ಡಪ್ಪ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋಗಲು ಹಗ್ಗ ಹಿಡಿದೇ ನಿಂತಿದ್ದ. ರಿಂಗ್ ಕೊಟ್ಟೆ. ರಾಗ ಮುಗಿಯಿತು. ಎಮ್ಮೆ ಒಂದು ಹನಿಯನ್ನೂ ಇಳಿಸಲಿಲ್ಲ.

"ನಾ ಹೇಳಿರಲಿಲ್ಲೇನು?" ಎಂದು ಕೂಗಿದೆ. "ಸಂಬಂಧ ಇಲ್ಲಂದ್ರ ಇಲ್ಲ!"

"ಎಮ್ಮಿ ಸಂತಿಗೆ ಹೊಂಟೈತಿ, ಇವಂಗ ಗೆದ್ದ ಖುಷಿ!" ದೊಡ್ಡವ್ವ ಸಿಡುಕಿದಳು. "ಥೇಟ್ ನಿಮ್ಮವ್ವ! ಆಕಿನೂ ಹಿಂಗ ವಾದ ಮಾಡೇ ನಮ್ಮವ್ವನ ಹಂಡೆ ಹೊತಗೊಂಡು ಹೋದ್ಲು!"

"ಹಂಡೆ ಬ್ಯಾಡಂದಾಕಿ ನೀನ!"

"ಯಾವಾಗಂದ್ನಿ? ಸಾಕ್ಷಿ ತಾ!"

ಚರ್ರ್ ಎಂದು ಬಕೆಟ್ಟಿನಲ್ಲಿ ಸದ್ದಾಯಿತು. ಮೂವರೂ ಎಮ್ಮೆಯ ಕಡೆ ನೋಡಿದೆವು. ಮಾತು ನಿಂತಿತು, ಹಾಲೂ ನಿಂತಿತು.

ದೊಡ್ಡಪ್ಪನಿಗೆ ಮೊದಲು ಹೊಳೆಯಿತು. "ದಿನಾ ಸಂಜಿ ಹಾಲು ಕರಿಯೋ ಹೊತ್ತಿಗೇ ಇವನವ್ವ ಫೋನ್ ಮಾಡ್ತಿದ್ಲಲ್ಲ! ರಿಂಗ್ ಆದಕೂಡ್ಲೇ ಅಕ್ಕ ತಂಗಿ ಹಂಡೆ ಜಗಳ ಶುರು. ಎಮ್ಮಿಗೆ ಬೇಕಾಗಿರೋದು ಆ ಜಗಳ! ನಿಲ್ಲಿಸಬ್ಯಾಡ್ರಿ, ಮಾತಾಡ್ರಿ!"

ಮಾತಾಡಿದೆವು. ಬಕೆಟ್ ಅರ್ಧ ತುಂಬಿದ್ದಾಗ ದೊಡ್ಡವ್ವ ಹೇಳಿದಳು: "ನೀ ಹುಟ್ಟಿದಾಗ ನಿಮ್ಮವ್ವನ ಬಾಣಂತನಕ್ಕ ಆ ಹಂಡೇದಾಗ ನೀರು ಕಾಸಿದಾಕಿ ನಾನು. ಅದು ನನಗ ಬರಬೇಕಿತ್ತೋ ಇಲ್ಲೋ?"

ಬರಬೇಕಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ಹೌದೆನ್ನಲು ಬಾಯಿ ತೆರೆದೆ. ಆ ಒಂದು ಕ್ಷಣದ ಮೌನಕ್ಕೇ ಎಮ್ಮೆ ಹಿಂಗಾಲು ಎತ್ತಿತು. ದೊಡ್ಡಪ್ಪ ನನ್ನನ್ನು ದುರುಗುಟ್ಟಿ ನೋಡಿದ. ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಪಕ್ಷವನ್ನೇ ವಾದಿಸಬೇಕೆಂಬ ಚರ್ಚಾಸ್ಪರ್ಧೆಯ ತರಬೇತಿ ಆಗ ಕೈಹಿಡಿಯಿತು.

"ಇಲ್ಲ ದೊಡ್ಡವ್ವ, ನಿನ್ನ ಮಾತು ಪೂರಾ ತಪ್ಪು," ಅಂದೆ.

ಬಕೆಟ್ ತುಂಬಿತು. ದೊಡ್ಡಪ್ಪ ಹಗ್ಗವನ್ನು ಗೂಟಕ್ಕೆ ನೇತುಹಾಕಿದ.