ಕುಮ್ಕಿಯ ಬಗ್ಗೆ ಬರೆದ ಮೇಲೆ

ಪುತ್ತೂರಿನಲ್ಲಿ ಜಾಗದ ವ್ಯವಹಾರದವರ ಸಮಾವೇಶ. ಬಾಗಿಲಲ್ಲಿ ಕೊರಳಿಗೆ ಹೆಸರಿನ ಚೀಟಿ ಹಾಕಿದಾಗಲೇ ನನಗೆ ಹೆದರಿಕೆ ಹತ್ತಿತು. ಹೆಸರಿನ ಕೆಳಗೆ ನನ್ನ ಬ್ಲಾಗಿನ ಹೆಸರನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

ನಾನು ಸುಳ್ಯದ ಕಡೆ ಜಾಗ ಮಾರಿಸಿಕೊಡುವ ಹೆಂಗಸು. ಸಮಾವೇಶಕ್ಕೆ ಕೆಲವೇ ದಿನ ಮೊದಲು ಬ್ಲಾಗಿನಲ್ಲಿ ಕುಮ್ಕಿಯ ಬಗ್ಗೆ ಬರೆದಿದ್ದೆ. ಪಟ್ಟಾ ಜಾಗಕ್ಕೆ ತಾಗಿಕೊಂಡ ಸರಕಾರಿ ಭೂಮಿ ಅದು. ಸೊಪ್ಪು, ಸೌದೆ ತರಬಹುದು, ಮಾರುವಂತಿಲ್ಲ. ಆದರೆ ನಮ್ಮಲ್ಲಿ ಜಾಗ ತೋರಿಸುವವರು ಗುಡ್ಡದ ತುದಿಗೆ ಕೈ ಮಾಡಿ "ಅಲ್ಲಿವರೆಗೂ ನಮ್ಮದೇ" ಅನ್ನುತ್ತಾರೆ. ಅಜ್ಜನ ಕಾಲದಿಂದ ಅಲ್ಲಿ ಸೊಪ್ಪು ಕಡಿದವರಿಗೆ ಅದು ಸುಳ್ಳೆಂದೂ ಅನಿಸುವುದಿಲ್ಲ. ಹೊರಗಿನವರು ನಂಬಿ ಅಲ್ಲೇ ಮನೆಗೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿಸಿ ಆಮೇಲೆ ಅಳುತ್ತಾರೆ. ಒಂದು ಲೇಔಟಿನಲ್ಲಿ ಹಾಗೆಯೇ ಆಗಿದೆ ಎಂದು ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ, ಗೇಟಿನ ಸಿಮೆಂಟಿನ ಆನೆಗಳ ಫೋಟೋ ಮಾತ್ರ ಹಾಕಿದೆ. ಅಂಥ ಆನೆಗಳು ಮೂರು ತಾಲೂಕಿನಲ್ಲಿ ಒಂದೇ ಕಡೆ ಇವೆ ಎಂಬುದು ನನ್ನ ಮಂಡೆಗೆ ಹೊಳೆದದ್ದು ಸಭಾಭವನಕ್ಕೆ ಬಂದ ಮೇಲೆ.

ಆ ಆನೆಗಳ ಯಜಮಾನರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು.

ನಮ್ಮ ಕಸುಬು ನಡೆಯುವುದು ಒಬ್ಬರು ಇನ್ನೊಬ್ಬರಿಗೆ ಮಾಡುವ ಫೋನಿನಿಂದ. ಅವರು "ಆ ಹೆಂಗಸಿಗೆ ಯಾರೂ ಗಿರಾಕಿ ಕಳಿಸಬೇಡಿ" ಎಂದರೆ ಸಾಕು, ನನ್ನ ಫೋನು ಮತ್ತೆ ರಿಂಗಾಗದು. ನೀರಿನಲ್ಲಿದ್ದುಕೊಂಡು ಮೊಸಳೆಯ ಹಗೆ ಕಟ್ಟಿಕೊಂಡಿದ್ದೆ, ಅದೂ ಫೋಟೋ ಸಮೇತ.

ವೇದಿಕೆಯಲ್ಲಿ ಮಂಗಳೂರಿನಿಂದ ಬಂದಿದ್ದ ಭಾಷಣಕಾರರು ಬ್ಲಾಗ್ ಬರೆದರೆ ಜನರ ನಂಬಿಕೆ ಬೆಳೆಯುತ್ತದೆ ಎನ್ನುತ್ತಿದ್ದರು. ಪಕ್ಕದವರ ಪರಿಚಯ ಮಾಡಿಕೊಳ್ಳಿ ಎಂದಾಗ ಎಲ್ಲರೂ ಎದ್ದು ಕಾರ್ಡು ಹಂಚತೊಡಗಿದರು. ನಾನು ಚೀಟಿಯನ್ನು ಸೆರಗಿನೊಳಗೆ ತುರುಕಿಕೊಂಡು ಕುಳಿತೆ. ಪರಿಚಯವಾಗಲೆಂದು ಬಂದವಳ ಗತಿ ಅದು.

ಊಟಕ್ಕೆ ನಿಂತಾಗ ಜಾಲ್ಸೂರಿನ ಬ್ಯಾರಿ ಬ್ರೋಕರರೊಬ್ಬರು ತಟ್ಟೆ ಹಿಡಿದು ಹತ್ತಿರ ಬಂದರು. ಎಷ್ಟೋ ಜಾಗ ಒಟ್ಟಿಗೆ ಮಾರಿಸಿದವರು ನಾವು.

"ಅಕ್ಕ, ಆನೆಯವರು ನಿಮ್ಮನ್ನು ಹುಡುಕ್ತಾ ಇದ್ದಾರೆ."

"ಎಂತಕ್ಕಂತೆ?"

"ಗೊತ್ತಿಲ್ಲ ಮಾರಾಯ್ರೆ. ಮುಖ ಅಷ್ಟು ಸರಿ ಇಲ್ಲ."

ಅಷ್ಟು ಹೇಳಿ, ನನ್ನೊಟ್ಟಿಗೆ ನಿಂತದ್ದನ್ನು ಯಾರೂ ಕಾಣಬಾರದೆಂಬಂತೆ, ಅವರು ಬೇರೆ ಮೇಜಿಗೆ ಹೋದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯೇ ಹೆಚ್ಚಾಯಿತು. ನೀರುದೋಸೆಯನ್ನು ಅರ್ಧಕ್ಕೇ ಬಿಟ್ಟೆ.

ಕೈ ತೊಳೆಯುವಲ್ಲಿ ಆನೆಯವರು ಸಿಕ್ಕಿಯೇ ಬಿಟ್ಟರು. ನನ್ನ ಪಕ್ಕದ ನಲ್ಲಿಯಲ್ಲಿ ನಿಧಾನವಾಗಿ ಕೈ ತೊಳೆದರು. ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಆ ಕುಮ್ಕಿಯದ್ದು ಬರ್ದದ್ದು ನೀವಾ?"

ಹೌದೆಂದೆ.

"ಅದನ್ನು ತೆಗೀಬೇಕು."

ನಾನು ನಲ್ಲಿ ತಿರುಗಿಸುತ್ತಲೇ ಇದ್ದೆ. ತೆಗೆಯುತ್ತೇನೆ ಎನ್ನಲು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅವರು ಸುತ್ತ ನೋಡಿ, ಸ್ವರ ತಗ್ಗಿಸಿದರು.

"ಮತ್ತೆ ಇನ್ನೊಂದು ವಿಷಯ ಉಂಟು. ನನ್ನ ಮಗಳು ಕಡಬದಲ್ಲಿ ಮನೆ ಕಟ್ಲಿಕ್ಕೆ ಜಾಗ ನೋಡಿದ್ದಾಳೆ. ತೋರ್ಸಿದವ ಗುಡ್ಡದವರೆಗೆ ಕೈ ಮಾಡ್ತಾನೆ. ನೀವೊಮ್ಮೆ ಬಂದು ಪಟ್ಟಾ ಎಷ್ಟು, ಕುಮ್ಕಿ ಎಷ್ಟು ನೋಡಿ ಹೇಳ್ಬೇಕು. ಬೇರೆಯವರನ್ನು ನಂಬುದು ಹೇಗೆ?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರ ಲೇಔಟಿನಲ್ಲಿ ಪಂಚಾಂಗದ ಮೇಲೆ ಕುಳಿತು ಅತ್ತವಳೂ ಯಾರದೋ ಮಗಳು. ಅವಳನ್ನು ನಾನು ಕಣ್ಣಾರೆ ಕಂಡಿದ್ದೆ, ಕಂಡದ್ದಕ್ಕೇ ಬರೆದದ್ದು.

"ಬಂದು ನೋಡ್ತೇನೆ," ಅಂದೆ. "ಬರ್ದದ್ದನ್ನು ಮಾತ್ರ ತೆಗ್ಯುದಿಲ್ಲ."

ಅವರು ಕೈ ಚಾಚಿ ನನ್ನ ಕಾರ್ಡು ಕೇಳಿ ತೆಗೆದುಕೊಂಡು, ಜೇಬಿಗೆ ಹಾಕಿ ಹೊರಟುಹೋದರು.

ಕಡಬದ ಜಾಗ ನೋಡಿ, ಮನೆ ಕಟ್ಟಲು ಹೊರಟದ್ದು ಕುಮ್ಕಿಯಲ್ಲಿ ಎಂದು ಹೇಳಿ ಬಂದೆ. ಮಗಳು ಅದನ್ನು ಬಿಟ್ಟಳು. ಬರಹ ಇನ್ನೂ ಬ್ಲಾಗಿನಲ್ಲಿದೆ. ಆನೆಯವರಿಂದ ಮಾತಿಲ್ಲ, ಬೇರೆ ಬ್ರೋಕರರಿಂದ ಫೋನೂ ಕಡಿಮೆಯಾಗಿದೆ. ಈಗ ಫೋನು ರಿಂಗಾದರೂ ಹೆದರಿಕೆ, ಆಗದಿದ್ದರೂ ಹೆದರಿಕೆ.