ಲೈಟ್ ಹಿಡಿದು ಹಿಂದೆ ನಿಂತವಳು

ಚಾಮರಾಜಪೇಟೆಯ ಫೋಟೋ ಸ್ಟುಡಿಯೋ ಸಾರ್ವಭೌಮ ಆಂಜಿನಯ್ಯನವರು ೨೦೦೪ರಲ್ಲಿ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಕೊಂಡು ದಿಗ್ವಿಜಯಕ್ಕೆ ಹೊರಟರು. ಅವರ ಬ್ರಹ್ಮಾಸ್ತ್ರ ಬ್ಲರ್. ಮದುಮಕ್ಕಳ ಸುತ್ತ ಮೌಸಿನಿಂದ ಲಕ್ಷ್ಮಣರೇಖೆ ಎಳೆದು ಗುಂಡಿ ಒತ್ತಿದರೆ ಸಾಕು, ಹಿಂದಿದ್ದ ನೀರಿನ ಡ್ರಮ್ಮು, ಬಿರುಕುಬಿಟ್ಟ ಗೋಡೆ, ಆಕಳಿಸುತ್ತಿದ್ದ ಸೋದರಮಾವ, ಎಲ್ಲ ಮಂಜಾಗಿ ಕರಗುತ್ತಿದ್ದವು. ಬಿನ್ನಿಪೇಟೆಯ ಛತ್ರ ಅವರ ಕೈಯಲ್ಲಿ ಊಟಿಯ ಬೆಳಗಾಗುತ್ತಿತ್ತು. ಮಸುಕು ಮಾಡಿದ್ದನ್ನು ಮೂಲ ಫೋಟೋದ ಮೇಲೆಯೇ ಸೇವ್ ಮಾಡಿ ಹಳೆಯದನ್ನು ಅಳಿಸಿಬಿಡುವುದು ಅವರ ಪದ್ಧತಿ. "ಕಸಾನ ಯಾರಾದ್ರೂ ಮನೇಲಿ ಇಟ್ಕೋತಾರಾ?" ಎನ್ನುತ್ತಿದ್ದರು.

ಈ ದಂಡಯಾತ್ರೆಗಳಲ್ಲಿ ದೀಪಧಾರಿಣಿ ಅವರ ಹೆಂಡತಿ ಮಹಾನಂದ. ಮದುಮಕ್ಕಳ ಬೆನ್ನ ಹಿಂದೆ ನಿಂತು, ತಲೆಗೂದಲು ಮಿಂಚುವಂತೆ ಲೈಟ್ ಹಿಡಿಯುವುದು ಆಕೆಯ ಕೆಲಸ. ಹಾಗಾಗಿ ಎಷ್ಟೋ ಫೋಟೋಗಳಲ್ಲಿ ಆಕೆಯೂ ಬೀಳುತ್ತಿದ್ದಳು. ಯಜಮಾನರು ಡ್ರಮ್ಮಿನ ಜೊತೆಗೆ ಆಕೆಯನ್ನೂ ಕರಗಿಸುತ್ತಿದ್ದರು.

"ಏನ್ರೀ, ಒಂದ್ಸಲ ನನ್ನ ಬಿಟ್ಟು ಆ ಮದುಮಗನ್ನ ಮಸುಕು ಮಾಡ್ರೀ. ನಾನೇ ಚೆನ್ನಾಗಿದೀನಿ."

"ಗಿರಾಕಿ ಒದೀತಾನೆ ಕಣೇ."

"ಹೋಗ್ಲಿ, ನಂದೇ ಒಂದು ತೆಗೀರಿ ಮತ್ತೆ."

"ಆಷಾಢ ಬರ್ಲಿ. ಮದುವೆ ಇರಲ್ಲ, ಪುರುಸೊತ್ತಾಗಿ ತೆಗೀತೀನಿ. ನೀನೆಲ್ಲಿ ಓಡೋಗ್ತೀಯ?"

ಆಷಾಢಗಳು ಬಂದವು, ಹೋದವು. ಅಂಥದ್ದೇ ಒಂದು ಆಷಾಢದಲ್ಲಿ ಮಹಾನಂದ ಡೆಂಗಿ ಜ್ವರಕ್ಕೆ ಹೋಗಿಬಿಟ್ಟಳು.

ಹನ್ನೊಂದನೇ ದಿನದ ತಿಥಿಗೆ, ಎಡೆ ಇಡಲು ಫೋಟೋ ಬೇಕು. ಇಡೀ ಪೇಟೆಯ ಸತ್ತವರ ಫೋಟೋಗಳಿಗೆ ಕಟ್ಟು ಹಾಕಿಸಿಕೊಟ್ಟ ಮಹಾಶಯರ ಮನೆಯಲ್ಲಿ ಹೆಂಡತಿಯದೊಂದು ಇರಲಿಲ್ಲ. ತಮ್ಮ ಮದುವೆಗೆ ಬೇರೆ ಫೋಟೋಗ್ರಾಫರನ್ನು ಕರೆಯಲು ಅಭಿಮಾನ ಬಿಟ್ಟಿರಲಿಲ್ಲ. ಇನ್ನು ವೋಟರ್ ಕಾರ್ಡಿನಲ್ಲಿದ್ದವಳನ್ನು ಹೆತ್ತ ತಾಯಿ ಸಿದ್ದಮ್ಮನೇ "ಇವ್ಳ್ಯಾರೋ ಬೇರೆಯೋಳು" ಎಂದು ತಳ್ಳಿಹಾಕಿದಳು.

ಆಂಜಿನಯ್ಯ ಕಂಪ್ಯೂಟರಿನ ಮುಂದೆ ಕೂತರು. ಮದುವೆಯ ಮೇಲೆ ಮದುವೆ ತೆರೆದರು. ಮದುಮಕ್ಕಳ ರೆಪ್ಪೆಗೂದಲೂ ಎಣಿಸುವಷ್ಟು ಚೊಕ್ಕ. ಅವರ ಹಿಂದೆ ಸೀರೆಯ ಬಣ್ಣದ ಒಂದು ಮೋಡ. ಮಸುಕನ್ನು ತಿಳಿಯಾಗಿಸುವ ಗುಂಡಿ ಒತ್ತಿದರು. ಮೋಡದ ಅಂಚು ಒರಟಾಯಿತು, ಮುಖ ಬರಲಿಲ್ಲ. ಮೌಸಿನಿಂದ ಕಣ್ಣು ಬರೆಯಲು ಹೋದರು. ಅದು ಯಾರ ಕಣ್ಣೋ ಆಯಿತು. ಸೇವ್ ಮಾಡದೆ ಮುಚ್ಚಿದರು.

ಕೊನೆಗೆ ಒಂದು ಹಸಿರು ಸೀರೆಯ ಮೋಡಕ್ಕೇ ಕಟ್ಟು ಹಾಕಿಸಿ ತಂದಿಟ್ಟರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾರ ಬಿತ್ತು. ಎಲೆಯ ಮೇಲೆ ಒಬ್ಬಟ್ಟು ಬಿತ್ತು. ಮುತ್ತೈದೆಯಾಗಿ ಹೋದವಳು, ಕುಂಕುಮ ಇಡಬೇಕು. ಸಿದ್ದಮ್ಮ ಕುಂಕುಮದ ಬೆರಳನ್ನು ಗಾಜಿನ ಹತ್ತಿರ ತಂದು ನಿಂತುಬಿಟ್ಟಳು.

"ಹಣೆ ಎಲ್ಲೈತಪ್ಪಾ?"

"ಇನ್ನೊಂಚೂರು ಮೇಲಕ್ಕೆ, ಅತ್ತೆ."

"ಇಲ್ಲೇನಪ್ಪಾ?"

"ಅಲ್ಲ, ಬಲಕ್ಕೆ... ಲೈಟಿನ ಕಡೆ ತಿರುಗಿರ್ತಾಳೆ ನೋಡಿ."

ಮುದುಕಿಯ ಬೆರಳು ಅತ್ತಿತ್ತ ಸರಿಯಿತು. ಆಂಜಿನಯ್ಯ ಮುಂದೆ ಬಂದು ಆ ಬೆರಳನ್ನು ಹಿಡಿದುಕೊಂಡರು. ಎಲ್ಲಿ ಒತ್ತಬೇಕೆಂದು ಅವರಿಗೂ ತಿಳಿಯಲಿಲ್ಲ.